ಎಲೆಗೆ ಬೆಲೆ ಕಟ್ಟುವ ಮುನ್ನ ಕಟ್ಟು ನೋಡಿ

ಡೊಮಿನಿಯನ್ ಎಂಬ ಆಟದಲ್ಲಿ ಕಾಪರ್ ಎಲೆ ಪುಕ್ಕಟೆ. ಆದರೂ ಪಳಗಿದ ಆಟಗಾರರು ಅದನ್ನು ಮುಟ್ಟುವುದು ಅಪರೂಪ. ಶುರುವಿನಲ್ಲೇ ತಮ್ಮ ಪಾಲಿಗೆ ಬಂದಿರುವ 7 ಕಾಪರ್‌ಗಳನ್ನು ಕಳೆದುಕೊಳ್ಳಲೆಂದೇ ಅವರು ದುಡ್ಡು ಕೊಟ್ಟು ಬೇರೊಂದು ಎಲೆ ಕೊಳ್ಳುತ್ತಾರೆ. ಹಣ ತರುವ ಎಲೆಯೇ ಏಕೆ ಬೇಡವಾಗುತ್ತದೆ ಎಂಬುದು ತಿಳಿದರೆ, ಈ ಜಾತಿಯ ಆಟಗಳ ಅರ್ಧ ಗುಟ್ಟು ತಿಳಿದಂತೆ.

ಡೊನಾಲ್ಡ್ ಎಕ್ಸ್. ವಕ್ಕರಿನೊ ರೂಪಿಸಿದ ಡೊಮಿನಿಯನ್ 2008ರಲ್ಲಿ ಬಂತು. 2009ರಲ್ಲಿ ಜರ್ಮನಿಯ ‘ವರ್ಷದ ಆಟ’ ಪ್ರಶಸ್ತಿ ಗೆದ್ದಿತು. ಇಸ್ಪೀಟಿನಲ್ಲಿ ಎಲ್ಲರಿಗೂ ಸೇರಿ ಒಂದು ಕಟ್ಟು. ಇಲ್ಲಿ ಒಬ್ಬೊಬ್ಬರಿಗೂ ತಮ್ಮದೇ ಕಟ್ಟು. ಆಡುತ್ತಾಡುತ್ತಲೇ ಅದನ್ನು ಬೆಳೆಸಬೇಕು. ಮೊದಲಿಗೆ ಇರುವುದು 10 ಎಲೆ: ಒಂದೊಂದು ನಾಣ್ಯ ಕೊಡುವ 7 ಕಾಪರ್, ಒಂದೊಂದು ಅಂಕದ 3 ಎಸ್ಟೇಟ್. ಪ್ರತಿ ಸರದಿಯಲ್ಲೂ 5 ಎಲೆ ಕೈಗೆ ಬರುತ್ತವೆ. ಒಂದು ಕ್ರಿಯೆಯ ಎಲೆ ಆಡಬಹುದು, ಒಂದು ಹೊಸ ಎಲೆ ಕೊಳ್ಳಬಹುದು. ಕೊಂಡದ್ದು, ಆಡಿದ್ದು, ಆಡದೆ ಉಳಿದದ್ದು ಎಲ್ಲವೂ ಪಕ್ಕದ ರಾಶಿಗೆ ಹೋಗುತ್ತದೆ. ಕಟ್ಟು ಮುಗಿದಾಗ ಆ ರಾಶಿಯನ್ನೇ ಕಲೆಸಿ ಮತ್ತೆ ಎತ್ತಬೇಕು. 6 ಅಂಕದ ಪ್ರಾವಿನ್ಸ್ ಎಲೆಗೆ 8 ನಾಣ್ಯ. ಸಾಮಾನ್ಯವಾಗಿ ಗೆಲುವು ಇರುವುದು ಅಲ್ಲೇ.

ಹೊಸಬರು ಮೊದಲು ಹುಡುಕುವುದು ಯಾವ ಎಲೆ ಉತ್ತಮ, ಯಾವುದು ಮಧ್ಯಮ, ಯಾವುದು ಕಳಪೆ ಎಂದು ದರ್ಜೆ ಹಚ್ಚಿದ ಪಟ್ಟಿಯನ್ನು. ಅಂಥ ಪಟ್ಟಿಯಿಂದ ಆಗುವ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಎಲೆಯ ಬೆಲೆ ಹುಟ್ಟುವುದು ಅದು ಸೇರುವ ಕಟ್ಟಿನಿಂದ, ಆಟ ತಲುಪಿರುವ ಹಂತದಿಂದ. ರಮ್ಮಿ ಆಡುವವರಿಗೆ ಇದರ ಸುಳಿವು ಇದ್ದೇ ಇದೆ: ಆಟೀನು 7, 9 ಹಿಡಿದು ಕುಳಿತವರಿಗೆ ಆಟೀನು 8 ವರ, ಉಳಿದವರಿಗೆ ಎಸೆಯುವ ಎಲೆ.

ಲೆಕ್ಕ ಹಾಕಿಯೇ ನೋಡಬಹುದು. 10 ಎಲೆಗೆ 7 ನಾಣ್ಯ ಎಂದರೆ ಎಲೆಗೆ ಸರಾಸರಿ 0.7, 5 ಎಲೆಯ ಕೈಗೆ ಮೂರೂವರೆ. ಪ್ರಾವಿನ್ಸ್ ಕೊಳ್ಳಬೇಕಾದರೆ ಅದೇ 5 ಎಲೆಯಿಂದ 8 ನಾಣ್ಯ ಹೊರಡಬೇಕು, ಅಂದರೆ ಎಲೆಗೆ 1.6. ಮೊದಲ ಸರದಿಯಲ್ಲಿ ಒಂದು ಕಾಪರ್ ಸೇರಿಸಿದರೆ 11 ಎಲೆಗೆ 8 ನಾಣ್ಯವಾಗಿ ಸರಾಸರಿ ಕೊಂಚ ಏರುವುದು ನಿಜ. ಆದರೆ ಎಷ್ಟು ಕಾಪರ್ ತುಂಬಿದರೂ ಅದು 1ನ್ನು ದಾಟುವುದಿಲ್ಲ. 3 ನಾಣ್ಯಕ್ಕೆ ಸಿಗುವ ಸಿಲ್ವರ್ 2 ನಾಣ್ಯ ಕೊಡುತ್ತದೆ, 6ಕ್ಕೆ ಸಿಗುವ ಗೋಲ್ಡ್ 3. ಇವುಗಳ ಬಲದಿಂದ ಸರಾಸರಿ 1ರ ಮೇಲೆ ಹೋಯಿತೋ, ಅಲ್ಲಿಂದ ಮುಂದೆ ಒಂದೊಂದು ಕಾಪರ್ ಕೂಡ ಕೈಯನ್ನು ಕೆಳಕ್ಕೆಳೆಯುತ್ತದೆ. ಅದು ಬಂದು ಕುಳಿತ ಜಾಗದಲ್ಲಿ ಗೋಲ್ಡ್ ಬರಬಹುದಿತ್ತು. ಹಾಗಾಗಿ ಎಲೆಯ ಮೇಲೆ ಏನು ಬರೆದಿದೆ ಎಂದು ಓದಿದ ಕೂಡಲೇ ಇನ್ನೊಂದನ್ನೂ ಕೇಳಿಕೊಳ್ಳಬೇಕು: ಇದು ಕೈಗೆ ಬಂದಾಗಲೆಲ್ಲ ಯಾವ ಎಲೆ ಬಾರದೇ ಉಳಿಯುತ್ತದೆ?

ಚಾಪೆಲ್ ಎಲೆಯ ಮಹಿಮೆ ಇರುವುದು ಇಲ್ಲೇ. ಬೆಲೆ ಬರೀ 2. ಹಣ ತರದು, ಅಂಕ ತರದು, ಎದುರಾಳಿಯನ್ನು ಕಾಡದು. ಕೈಯಲ್ಲಿರುವ ಎಲೆಗಳಲ್ಲಿ 4ರವರೆಗೆ ಆಟದಿಂದಲೇ ತೆಗೆದುಹಾಕಲು ಬಿಡುತ್ತದೆ, ಅಷ್ಟೇ. ಮೊದಲ ಸಲ ಓದಿದವರಿಗೆ ಇದೊಂದು ನಷ್ಟದ ಬಾಬತ್ತು. ಎಸ್ಟೇಟ್, ಕಾಪರ್‌ಗಳೆಲ್ಲ ತೊಲಗಿ, ಉಳಿದ ಕೆಲವೇ ಒಳ್ಳೆಯ ಎಲೆಗಳು ಮತ್ತೆ ಮತ್ತೆ ಕೈಸೇರುವುದನ್ನು ಕಂಡವರು ಇದನ್ನು ಮೂಲ ಆಟದ ಅತಿ ಬಲವಾದ ಎಲೆಗಳ ಸಾಲಿಗೆ ಸೇರಿಸುತ್ತಾರೆ.

ಸ್ಮಿಥಿ ಇನ್ನೊಂದು ಬಗೆಯ ಪಾಠ. 4 ನಾಣ್ಯದ ಈ ಎಲೆ ಆಡಿದರೆ ಹೊಸದಾಗಿ 3 ಎಲೆ ಎತ್ತಿಕೊಳ್ಳಬಹುದು. ಒಂದು ಸ್ಮಿಥಿ ಇಷ್ಟು ಚೆನ್ನಾಗಿದ್ದರೆ ನಾಲ್ಕು ಇನ್ನೆಷ್ಟು ಚೆನ್ನ! ಎಂದುಕೊಂಡವರು ಬೇಗ ಮುಗ್ಗರಿಸುತ್ತಾರೆ. ಸರದಿಗೆ ಒಂದೇ ಕ್ರಿಯೆ. ಎರಡು ಸ್ಮಿಥಿ ಒಟ್ಟಿಗೆ ಬಂದರೆ ಎರಡನೆಯದು ಸುಮ್ಮನೆ ಕೂರುತ್ತದೆ. ಆಗ ಬೇಕಾಗುವುದು ವಿಲೇಜ್. ಅದು ಒಂದು ಎಲೆಯನ್ನೂ 2 ಕ್ರಿಯೆಯನ್ನೂ ಕೊಡುತ್ತದೆ. ಆದರೆ ಬರೀ ವಿಲೇಜ್‌ಗಳೇ ಇರುವ ಕಟ್ಟಿನಲ್ಲಿ ಆ ಕ್ರಿಯೆಗಳನ್ನು ಬಳಸಲು ಏನೂ ಇರುವುದಿಲ್ಲ. ಮೊದಲ ಸ್ಮಿಥಿಯ ಬೆಲೆ ಬೇರೆ, ಎರಡನೆಯದರ ಬೆಲೆ ಬೇರೆ, ವಿಲೇಜ್ ಬಂದ ಮೇಲಿನ ಎರಡನೆಯದರ ಬೆಲೆ ಮತ್ತೂ ಬೇರೆ. ದರ್ಜೆಯ ಪಟ್ಟಿಯಲ್ಲಿ ಮಾತ್ರ ಸ್ಮಿಥಿಗೆ ಒಂದೇ ಸಾಲು.

ಎದುರಾಳಿಯ ಕಟ್ಟೂ ಲೆಕ್ಕಕ್ಕೆ ಬರಬೇಕು. ಮೊದಲ ಆವೃತ್ತಿಯಲ್ಲಿ ಥೀಫ್ ಎಂಬ ಎಲೆಯಿತ್ತು: ಎದುರಾಳಿಯ ಕಟ್ಟಿನ ಮೇಲಿನ 2 ಎಲೆ ತೆರೆಸಿ, ಅವುಗಳಲ್ಲಿ ಹಣದ ಎಲೆ ಇದ್ದರೆ ಒಂದನ್ನು ತೆಗೆದುಹಾಕಿಸುವುದು, ಬೇಕೆನಿಸಿದರೆ ತಾನೇ ಇಟ್ಟುಕೊಳ್ಳುವುದು. ಕೇಳಲು ಭಯಂಕರ. ಆದರೆ ಆಟದ ಆರಂಭದಲ್ಲಿ ತೆರೆದುಕೊಳ್ಳುವುದು ಬಹುಪಾಲು ಕಾಪರ್. ಕದ್ದವರು ಎದುರಾಳಿಯ ಕಸ ಗುಡಿಸಿಕೊಟ್ಟಂತೆಯೇ. 2016ರ ಎರಡನೇ ಆವೃತ್ತಿಯಲ್ಲಿ ಥೀಫ್ ಹೋಯಿತು. ಹೊಸದಾಗಿ ಬಂದ ಬ್ಯಾಂಡಿಟ್ ಕಾಪರ್ ಬಿಟ್ಟು ಉಳಿದ ಹಣದ ಎಲೆಗಳ ಮೇಲಷ್ಟೇ ಕೈ ಹಾಕುತ್ತದೆ.

ಕಂಪ್ಯೂಟರಿನಲ್ಲಿ ಒಬ್ಬರೇ ಆಡುವ, 2019ರಲ್ಲಿ ಪೂರ್ಣರೂಪದಲ್ಲಿ ಬಿಡುಗಡೆಯಾದ ‘ಸ್ಲೇ ದ ಸ್ಪೈರ್’ ಇದೇ ತತ್ವವನ್ನು ಇನ್ನಷ್ಟು ಬಿಗಿಯಾಗಿ ಮುಂದಿಡುತ್ತದೆ. ಸಾಮಾನ್ಯವಾಗಿ ಕಾಳಗ ಗೆದ್ದಾಗ 3 ಎಲೆ ತೋರಿಸಿ ಒಂದನ್ನು ಆರಿಸಿಕೊಳ್ಳಲು ಹೇಳುತ್ತದೆ. ಯಾವುದೂ ಬೇಡ ಎನ್ನುವ ಅವಕಾಶವೂ ಇದೆ. ಆ ಅವಕಾಶವನ್ನು ಮರೆತು ಪ್ರತಿ ಸಲವೂ ‘ಮೂರರಲ್ಲಿ ಯಾವುದು ವಾಸಿ’ ಎಂದು ಆರಿಸುವವರ ಕಟ್ಟು ಬೇಗ ಹಿಗ್ಗಿ ಸಡಿಲವಾಗುತ್ತದೆ. ಐರನ್‌ಕ್ಲ್ಯಾಡ್ ಎಂಬ ಪಾತ್ರಕ್ಕೆ ಸಿಗುವ ‘ಲಿಮಿಟ್ ಬ್ರೇಕ್’ ಎಲೆ ಇರುವ ಶಕ್ತಿಯನ್ನು ಇಮ್ಮಡಿ ಮಾಡುತ್ತದೆ. ಶಕ್ತಿ ಸೊನ್ನೆಯಿದ್ದರೆ ಇಮ್ಮಡಿಯೂ ಸೊನ್ನೆ. ಶಕ್ತಿ 10 ಇದ್ದರೆ ಆ ಒಂದೇ ಎಲೆಯಿಂದ ಕಾಳಗ ಮುಗಿಯಬಹುದು.

ಸಾವಿರಾರು ಆಟಗಳ ಗೆಲುವಿನ ಪ್ರಮಾಣ ನೋಡಿ ಎಲೆಗೆ ದರ್ಜೆ ಕೊಟ್ಟರೆ ತಪ್ಪೇನು ಎಂದು ವಾದಿಸುವವರಿದ್ದಾರೆ. ತಳ್ಳಿಹಾಕುವ ವಾದವಲ್ಲ, ಆದರೆ ಅದರಲ್ಲೊಂದು ತೊಡಕಿದೆ. ಶಕ್ತಿ ಬೆಳೆಸಿಕೊಂಡವರೇ ಹೆಚ್ಚಾಗಿ ಲಿಮಿಟ್ ಬ್ರೇಕ್ ಆರಿಸುವುದು; ಅವರು ಮೊದಲೇ ಗೆಲುವಿನ ದಾರಿಯಲ್ಲಿರುತ್ತಾರೆ. ಆ ಅಂಕಿ ನೋಡಿ ಶಕ್ತಿಯಿಲ್ಲದವರು ಅದನ್ನೆತ್ತಿಕೊಂಡರೆ ಕೈಯಲ್ಲಿ ಒಂದು ಜಾಗ ದಂಡ.

ಹಾಗೆಂದು ಕಟ್ಟು ತೆಳ್ಳಗಿರಬೇಕು ಎಂಬುದನ್ನೇ ಶಾಸನ ಮಾಡಿಕೊಳ್ಳುವಂತಿಲ್ಲ. ಡೊಮಿನಿಯನ್‌ನ ಗಾರ್ಡನ್ಸ್ ಎಲೆ ಕಟ್ಟಿನ ಪ್ರತಿ 10 ಎಲೆಗೆ 1 ಅಂಕ ಕೊಡುತ್ತದೆ. ಗಾರ್ಡನ್ಸ್ ಕೂಡಿಹಾಕಲು ಹೊರಟವರಿಗೆ ಪುಕ್ಕಟೆ ಕಾಪರ್ ಕೂಡ ಲಾಭವೇ, ಚಾಪೆಲ್ ಶತ್ರು. ಹಂತದ ಮಾತೂ ಹೀಗೆಯೇ. 3 ಅಂಕದ ಡಚಿ ಆಟದ ಮೊದಲರ್ಧದಲ್ಲಿ ಶುದ್ಧ ಹೊರೆ. ಅದಕ್ಕೆ ತೆರುವ 5 ನಾಣ್ಯ ಕಟ್ಟಿಗೆ ಏನನ್ನೂ ಮರಳಿಸದು. ಇಬ್ಬರ ಆಟದಲ್ಲಿ 8 ಪ್ರಾವಿನ್ಸ್‌ಗಳ ಪೈಕಿ ಕೊನೆಯದೊಂದೆರಡು ಉಳಿದಿವೆ, ಈಗ ಕೊಂಡ ಗೋಲ್ಡ್ ಮತ್ತೆ ಕೈಗೆ ಬರುವ ಮೊದಲೇ ಆಟ ಮುಗಿಯುತ್ತದೆ ಎನ್ನಿ. ಆಗ ಕೈಯಲ್ಲಿ 6 ನಾಣ್ಯವಿದ್ದರೂ ಗೋಲ್ಡ್ ಬಿಟ್ಟು ಡಚಿ ಕೊಳ್ಳುವುದೇ ಸರಿಯಾದ ಆಟ.