ಮಹಾಪಧಮನಿಯ ಉಬ್ಬು: ರೋಗನಿರೋಧಕ ಕೋಶಗಳ ಪಾಲು ಎಷ್ಟು?

ಹೊಟ್ಟೆಯ ಭಾಗದಲ್ಲಿ ಮಹಾಪಧಮನಿಯ ವ್ಯಾಸ ಸಾಮಾನ್ಯವಾಗಿ ಸುಮಾರು 2 ಸೆಂ.ಮೀ. ಇರುತ್ತದೆ. ಅದು 3 ಸೆಂ.ಮೀ. ಮುಟ್ಟಿದರೆ ವೈದ್ಯರು ಅದನ್ನು ಅನ್ಯೂರಿಸಮ್, ಅಂದರೆ ಉಬ್ಬು, ಎನ್ನುತ್ತಾರೆ. ಗಂಡಸರಲ್ಲಿ 5.5 ಸೆಂ.ಮೀ. ಆಗುವವರೆಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗೆ ಅವಸರಪಡುವುದಿಲ್ಲ. ಸಣ್ಣ ಉಬ್ಬಿಗೆ ಮುಂಚಿತವಾಗಿ ಕತ್ತರಿ ಹಾಕಿದರೆ ಆಯುಷ್ಯ ಹೆಚ್ಚುವುದಿಲ್ಲವೆಂದು ಬ್ರಿಟನ್ ಮತ್ತು ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿವೆ. ನಡುವಿನ ವರ್ಷಗಳಲ್ಲಿ ರೋಗಿಯ ಪಾಲಿಗೆ ಇರುವುದು ಆಗಾಗ ಸ್ಕ್ಯಾನು, ರಕ್ತದೊತ್ತಡದ ಮಾತ್ರೆ, ಬೀಡಿ ಸಿಗರೇಟು ಬಿಡಬೇಕೆಂಬ ಸಲಹೆ. ಬೆಳವಣಿಗೆಯನ್ನೇ ತಡೆಯುವ ಮಾತ್ರೆ ಇನ್ನೂ ಬಂದಿಲ್ಲ. ನೀಲಗಿರಿಯ ಕುಂದಾ ಸೀಮೆಯ ಹಟ್ಟಿಗಳಲ್ಲಿರುವವರಿಗೆ ಈ ಕಾಯುವಿಕೆ ಇನ್ನೂ ಭಾರ. ಉಬ್ಬು ಒಡೆದರೆ ಮಂಜೂರಿನಿಂದ ಊಟಿಗೆ ಹೋಗಬೇಕು, ಇಲ್ಲವೇ ಗೆದ್ದೆಯ ತಿರುವುಗಳನ್ನಿಳಿದು ಕೊಯಮತ್ತೂರು ಸೇರಬೇಕು. ಒಡೆದವರಲ್ಲಿ ಹೆಚ್ಚಿನವರು, ಆಸ್ಪತ್ರೆ ಹತ್ತಿರವಿರುವ ಊರುಗಳಲ್ಲೂ, ಬದುಕುಳಿಯುವುದಿಲ್ಲ. ಆದ್ದರಿಂದ ಉಬ್ಬನ್ನು ಬೆಳೆಸುವುದು ಯಾವುದು ಎಂಬ ಪ್ರಶ್ನೆ ಪ್ರಯೋಗಾಲಯದ ಒಳಗೇ ಮುಗಿಯುವಂಥದ್ದಲ್ಲ.

ರೋಗನಿರೋಧಕ ಕೋಶಗಳೇ ಮುಖ್ಯ ಕಾರಣ ಎನ್ನುವವರ ವಾದ ಸೂಕ್ಷ್ಮದರ್ಶಕದಿಂದ ಹೊರಡುತ್ತದೆ. ಆರೋಗ್ಯವಂತ ಮಹಾಪಧಮನಿಯ ತೆಳು ಹೋಳಿಗೆ ಎಲಾಸ್ಟಿನ್ ನಾರುಗಳನ್ನು ತೋರಿಸುವ ಬಣ್ಣ ಹಾಕಿದರೆ, ಒಂದರ ಪಕ್ಕ ಒಂದು ಅಲೆಅಲೆಯಾಗಿ ಸಾಗುವ ಕಪ್ಪು ಗೆರೆಗಳು ಕಾಣುತ್ತವೆ. ಉಬ್ಬಿದ ಗೋಡೆಯಲ್ಲಿ ಆ ಗೆರೆಗಳು ತುಂಡುತುಂಡಾಗಿರುತ್ತವೆ. ಹೊರಪದರದಲ್ಲಿ ಮ್ಯಾಕ್ರೋಫೇಜ್, ಟಿ ಕೋಶ, ಬಿ ಕೋಶಗಳು ಗುಂಪುಗಟ್ಟಿರುತ್ತವೆ. ಮ್ಯಾಕ್ರೋಫೇಜ್‌ಗಳು ಸುರಿಸುವ ಎಂಎಂಪಿ-9 ಎಂಬ ಕಿಣ್ವ ಎಲಾಸ್ಟಿನ್ ಅನ್ನು ಕತ್ತರಿಸಬಲ್ಲದು, ಮತ್ತು ವಯಸ್ಕರ ದೇಹ ಹೋದ ಎಲಾಸ್ಟಿನ್ ಅನ್ನು ಸರಿಯಾಗಿ ಮರಳಿ ಕಟ್ಟಲಾರದು. ಈ ಪಕ್ಷದ ಅತಿ ಗಟ್ಟಿ ಸಾಕ್ಷ್ಯ 2002ರ ಒಂದು ಇಲಿ ಪ್ರಯೋಗ. ಎಂಎಂಪಿ-9ರ ಜೀನ್ ಇಲ್ಲದ ಇಲಿಗಳಲ್ಲಿ ಉಬ್ಬು ಬರಲಿಲ್ಲ. ಸಾಮಾನ್ಯ ಇಲಿಗಳ ಮ್ಯಾಕ್ರೋಫೇಜ್‌ಗಳನ್ನು ಅವಕ್ಕೆ ಕೊಟ್ಟಾಗ ಬಂತು. ಕೋಶಗಳು ಅಲ್ಲಿ ಸುಮ್ಮನೆ ನೆರೆದ ಪ್ರೇಕ್ಷಕರು ಎನ್ನುವವರು ಈ ಫಲಿತಾಂಶಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಉತ್ತರ ಇಲ್ಲದೇ ಇಲ್ಲ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕು ರೋಗದ ಕೊನೆಯ ಹಂತದ್ದು, ಆರಂಭದಲ್ಲಿ ಏನಾಯಿತೆಂಬುದನ್ನು ಅದು ಹೇಳದು. ಇಲಿಯಲ್ಲಿ ರಾಸಾಯನಿಕ ಹಚ್ಚಿ ಕೆಲವೇ ವಾರಗಳಲ್ಲಿ ಬರಿಸುವ ಉಬ್ಬಿಗೂ ಮನುಷ್ಯನಲ್ಲಿ ದಶಕಗಟ್ಟಲೆ ಬೆಳೆಯುವುದಕ್ಕೂ ಅಂತರ ಬಹಳ. ಮಾರ್ಫಾನ್ ಸಿಂಡ್ರೋಮ್‌ನಲ್ಲಿ ಫೈಬ್ರಿಲಿನ್-1 ಜೀನಿನ ದೋಷದಿಂದ ಗೋಡೆ ಹುಟ್ಟಿನಿಂದಲೇ ದುರ್ಬಲ; ಅಲ್ಲಿ ರೋಗನಿರೋಧಕ ಕೋಶಗಳು ಆಮೇಲೆ ಬರುತ್ತವೆ. ಒತ್ತಡದ ಲೆಕ್ಕವೂ ಇದೆ. ಅವಲಾಂಚಿ, ಎಮರಾಲ್ಡ್ ಜಲಾಶಯಗಳ ನೀರನ್ನು ಕುಂದಾ ವಿದ್ಯುತ್ ಕೇಂದ್ರಕ್ಕೆ ಇಳಿಸುವ ಉಕ್ಕಿನ ಕೊಳವೆಗಳನ್ನು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ: ಒಳಗಿನ ಒತ್ತಡ ಅಷ್ಟೇ ಇದ್ದರೂ ವ್ಯಾಸ ಹೆಚ್ಚಿದಷ್ಟೂ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ. ಒಮ್ಮೆ ಹಿಗ್ಗಿದ ನಾಳ ಇನ್ನಷ್ಟು ಹಿಗ್ಗಲು ಅದರ ಅಗಲವೇ ಕಾರಣವಾಗಬಹುದು.

ಎಲ್ಲಕ್ಕಿಂತ ಹೆಚ್ಚು ತೂಗುವುದು ಮನುಷ್ಯರ ಮೇಲಿನ ಪ್ರಯೋಗಗಳು. ಎಂಎಂಪಿ ಕಿಣ್ವಗಳನ್ನು ತಡೆಯುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ನೆದರ್ಲೆಂಡ್ಸ್‌ನಲ್ಲಿ 286 ರೋಗಿಗಳಲ್ಲಿ ಪರೀಕ್ಷಿಸಿದಾಗ ಮಾತ್ರೆ ತೆಗೆದುಕೊಂಡವರ ಉಬ್ಬು ತುಸು ಬೇಗನೆ ಬೆಳೆಯಿತು; ಅದು 2013ರ ವರದಿ. ಅಮೆರಿಕದಲ್ಲಿ 254 ಮಂದಿಯ ಅಧ್ಯಯನ 2020ರಲ್ಲಿ ಪ್ರಕಟವಾದಾಗ ಮಾತ್ರೆಗೂ ಹುಸಿಮಾತ್ರೆಗೂ ವ್ಯತ್ಯಾಸ ಕಾಣಲಿಲ್ಲ. ಮಾಸ್ಟ್ ಎಂಬ ರೋಗನಿರೋಧಕ ಕೋಶಗಳನ್ನು ಹಿಡಿದಿಡುವ ಪೆಮಿರೋಲಾಸ್ಟ್ ಕೂಡ ಸೋತಿತು.

ಹಾಗೆಂದು ಮೊದಲ ಪಕ್ಷ ಪೂರ್ತಿ ನೆಲಕಚ್ಚಿತೆನ್ನುವುದು ನ್ಯಾಯವಲ್ಲ. ಒಂದೆರಡು ಔಷಧ ಸೋತರೆ ಅದರ ಹಿಂದಿನ ತತ್ವ ಸೋತಂತಾಗುವುದಿಲ್ಲ. ಎಲಾಸ್ಟಿನ್ ನಾಶವಾದ ಮೇಲೆ ಕೊಟ್ಟ ಮಾತ್ರೆಯಿಂದ ಹೆಚ್ಚು ನಿರೀಕ್ಷಿಸುವುದೂ ಕಷ್ಟ. ಜೊತೆಗೆ, ರೋಗನಿರೋಧಕ ದಾಳಿಯೇ ಮೂಲವೆಂದು ಎರಡೂ ಪಕ್ಷ ಒಪ್ಪುವ ಕಾಯಿಲೆಯೊಂದು ನಮ್ಮ ದೇಶದಲ್ಲಿ ಅಪರಿಚಿತವಲ್ಲ. ಅದು ಟಕಾಯಾಸು ಆರ್ಟರೈಟಿಸ್. ಹೆಚ್ಚಾಗಿ ಯುವತಿಯರನ್ನು ಹಿಡಿಯುವ ಇದು ಮಹಾಪಧಮನಿಯನ್ನೂ ಅದರ ಕವಲುಗಳನ್ನೂ ಕಿರಿದಾಗಿಸುತ್ತದೆ, ಕೆಲವೊಮ್ಮೆ ಉಬ್ಬಿಸುತ್ತದೆ. ಅಲ್ಲಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸ್ಟೀರಾಯ್ಡ್ ಮೊದಲ ಸಾಲಿನ ಚಿಕಿತ್ಸೆ.

ಆದರೆ ವಯಸ್ಸಾದವರ ಸಾಮಾನ್ಯ ಉಬ್ಬಿಗೆ ಅದೇ ದಾರಿ ಹಿಡಿದರೆ ತೆರಬೇಕಾದ ಬೆಲೆ ಸಣ್ಣದಲ್ಲ. ಹೃದಯಾಘಾತವಾಗಿದ್ದ 10,061 ಮಂದಿಯಲ್ಲಿ ಉರಿಯೂತ ತಗ್ಗಿಸುವ ಕ್ಯಾನಕಿನುಮ್ಯಾಬ್ ಪರೀಕ್ಷಿಸಿದ 2017ರ ಅಧ್ಯಯನದಲ್ಲಿ ಹೃದಯ, ರಕ್ತನಾಳದ ಅವಘಡಗಳು ಕಡಿಮೆಯಾದವು. ಸಾವು ತರುವ ಸೋಂಕುಗಳು ಹೆಚ್ಚಿದವು. ಕ್ಷಯ ಇನ್ನೂ ಮನೆಮನೆಗೆ ಗೊತ್ತಿರುವ ನಮ್ಮಂಥ ದೇಶದಲ್ಲಿ ಈ ಎಚ್ಚರಿಕೆ ಇಮ್ಮಡಿಯಾಗುತ್ತದೆ. ಉರಿಯೂತವೆಲ್ಲ ಕೇಡೂ ಅಲ್ಲ: ಮ್ಯಾಕ್ರೋಫೇಜ್‌ಗಳಲ್ಲೇ ಕೆಲವು ಕಸ ತೆಗೆದು ಹೊಸ ಕೊಲಾಜೆನ್ ಕಟ್ಟಲು ನೆರವಾಗುತ್ತವೆ, ನಿಯಂತ್ರಕ ಟಿ ಕೋಶಗಳು ದಾಳಿಯನ್ನು ತಣಿಸುತ್ತವೆ. 1948ರಲ್ಲಿ ಶಸ್ತ್ರವೈದ್ಯ ರುಡಾಲ್ಫ್ ನಿಸ್ಸೆನ್ ಐನ್‌ಸ್ಟೈನ್ ಅವರ ಉಬ್ಬಿಗೆ ಸೆಲೊಫೇನ್ ಹಾಳೆ ಸುತ್ತಿದ್ದು, ಉರಿಯೂತವನ್ನು ಬೇಕೆಂದೇ ಕೆರಳಿಸಿ ಗೋಡೆಯ ಸುತ್ತ ಗಟ್ಟಿ ನಾರು ಬೆಳೆಸುವುದಕ್ಕಾಗಿ. ಐನ್‌ಸ್ಟೈನ್ 1955ರವರೆಗೆ ಬದುಕಿದರು. ಕೊನೆಗೆ ಒಡೆದದ್ದು ಅದೇ ಉಬ್ಬು. ಒಬ್ಬರ ಕಥೆಯಿಂದ ಏನೂ ಸಿದ್ಧವಾಗುವುದಿಲ್ಲ, ಆದರೆ ರೋಗನಿರೋಧಕ ಕೋಶಗಳನ್ನು ಒಟ್ಟಾರೆ ಶತ್ರುವೆಂದು ಕರೆಯಲು ಅದು ಬಿಡುವುದಿಲ್ಲ.

ಇಷ್ಟನ್ನು ತೂಗಿದ ಮೇಲೆ ನನ್ನ ಒಲವು, ತಿದ್ದುಪಡಿಗೆ ಜಾಗವಿಟ್ಟೇ, ಹೀಗಿದೆ. ದುರ್ಬಲವಾದ ಗೋಡೆ ದಾಳಿಯನ್ನು ಕರೆಯುತ್ತದೆ, ದಾಳಿ ಗೋಡೆಯನ್ನು ಇನ್ನಷ್ಟು ಸೊರಗಿಸುತ್ತದೆ. ಯಾವುದು ಮೊದಲು ಎಂಬುದು ಉಬ್ಬಿನ ಬಗೆಗೆ ತಕ್ಕಂತೆ ಬದಲಾಗಬಹುದು. ಟಕಾಯಾಸುವಿನಲ್ಲಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದು ಸರಿ. ಸಾಮಾನ್ಯ ಉಬ್ಬಿನಲ್ಲಿ ಅಂಥ ಔಷಧ ಸದ್ಯಕ್ಕೆ ಪ್ರಯೋಗಗಳ ಚೌಕಟ್ಟಿನೊಳಗೇ ಇರಲಿ. ಮಧುಮೇಹವಿದ್ದವರ ಉಬ್ಬು ನಿಧಾನವಾಗಿ ಬೆಳೆಯುವುದು ಕಂಡುಬಂದಿರುವುದರಿಂದ ಮೆಟ್‌ಫಾರ್ಮಿನ್ ಮೇಲೆ ನಡೆಯುತ್ತಿರುವ ಪರೀಕ್ಷೆಗಳು ನನಗೆ ಹೆಚ್ಚು ಭರವಸೆಯವಾಗಿ ಕಾಣುತ್ತವೆ. ಅದು ಮಧುಮೇಹಕ್ಕೆ ಕೊಡುವ ಹಳೆಯ, ಅಗ್ಗದ ಮಾತ್ರೆ. ಉರಿಯೂತವನ್ನು ತುಸು ತಣಿಸುವಂತೆ ಕಂಡರೂ ಸೋಂಕಿಗೆ ಬಾಗಿಲು ತೆರೆಯುವಂಥದ್ದಲ್ಲ.

ಫಲಿತಾಂಶ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಬ್ರಿಟನ್ನಿನಲ್ಲಿ 65ರಿಂದ 74 ವಯಸ್ಸಿನ ಸುಮಾರು 67,800 ಗಂಡಸರ ಅಧ್ಯಯನದಲ್ಲಿ, ಸ್ಕ್ಯಾನಿಗೆ ಕರೆದವರ ಗುಂಪಿನಲ್ಲಿ ನಾಲ್ಕು ವರ್ಷಗಳಲ್ಲಿ ಉಬ್ಬಿನಿಂದಾದ ಸಾವು ಶೇ. 42ರಷ್ಟು ಇಳಿಯಿತು. ಅಷ್ಟು ದೊಡ್ಡ ಯೋಜನೆ ನಮ್ಮಲ್ಲಿ ಈಗಲೇ ಬೇಕೆನ್ನಲಾರೆ. ಆದರೆ ಕುಂದಾ ಕಡೆಯಿಂದ ಬೇರೆ ಕಾರಣಕ್ಕೆ ಊಟಿಯ ಆಸ್ಪತ್ರೆಗೆ ಬಂದು ಹೊಟ್ಟೆಯ ಸ್ಕ್ಯಾನಿಗೆ ಮಲಗಿದ, ಅರವತ್ತೈದು ದಾಟಿದ, ಬೀಡಿ ಸೇದುತ್ತಿದ್ದ ಹಿರಿಯರಿದ್ದರೆ, ಅದೇ ಹೊತ್ತಿನಲ್ಲಿ ಮಹಾಪಧಮನಿಯ ಅಗಲವನ್ನೂ ಅಳೆದು ಚೀಟಿಯಲ್ಲಿ ಬರೆಯಬಹುದು. ಅದಕ್ಕೆ ಕೆಲವೇ ನಿಮಿಷ ಸಾಕು.