ಆಕಾಶದಿಂದ ಇಳಿಯುವ ಪೆಟ್ಟಿಗೆ ಮತ್ತು ನಮ್ಮ ಶಾಲೆಗಳು

ಹೈದರಾಬಾದಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನ್ ಕೇಂದ್ರವಿದೆ. ಅಲ್ಲಿಂದ ಹಾರಿಸುವ ದೊಡ್ಡ ಪ್ಲಾಸ್ಟಿಕ್ ಬಲೂನುಗಳು 30 ಕಿ.ಮೀ. ಎತ್ತರಕ್ಕೂ ಏರುತ್ತವೆ. ಕೆಲಸ ಮುಗಿದ ಮೇಲೆ ಉಪಕರಣದ ಪೆಟ್ಟಿಗೆ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ. ಗಾಳಿ ಒಯ್ದ ಕಡೆ, ತೆಲಂಗಾಣ, ಮಹಾರಾಷ್ಟ್ರ, ಕರ್ನಾಟಕದ ಯಾರದೋ ಹೊಲಕ್ಕೆ! 2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಜಲಸಂಗಿ ಗ್ರಾಮದಲ್ಲಿ ಇಂಥದೊಂದು ಬಲೂನು ಇಳಿದು ಜನ ಗಾಬರಿಯಾದರು.

ಅಷ್ಟು ಎತ್ತರ ಏಕೆ ಬೇಕು? ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ನೆಲದ ಬಳಿಯ ನೀರಾವಿ ಬಹುಮಟ್ಟಿಗೆ ಹೀರಿಬಿಡುತ್ತದೆ. (ಕೆಲವು ಪುಸ್ತಕಗಳಲ್ಲಿ ಅತಿಗೆಂಪು ಎಂದಿದೆ, ಎರಡೂ ಒಂದೇ.) 30 ಕಿ.ಮೀ. ಏರಿದರೆ ಸುಮಾರು ಶೇಕಡಾ 99ರಷ್ಟು ಗಾಳಿ ಕೆಳಗೇ ಉಳಿಯುತ್ತದೆ. ಹೈದರಾಬಾದಿನಿಂದ 100 ಸೆಂ.ಮೀ. ಕನ್ನಡಿಯ ಅವಕೆಂಪು ದೂರದರ್ಶಕವನ್ನೇ ಹೀಗೆ ಏರಿಸಿದ್ದಾರೆ.

ಮೇಲಿನ ಗಾಳಿಯನ್ನು ಅಳೆಯಲೂ ಇದೇ ದಾರಿ. ಪ್ರತಿ ಅನಿಲವೂ ತನ್ನದೇ ಆದ ಕೆಲವು ಅಲೆಗಳನ್ನು ಮಾತ್ರ ಹೀರುತ್ತದೆ. ಸೂರ್ಯನ ಬೆಳಕಿನಲ್ಲಿ ಯಾವ ಅಲೆ ಕಡಿಮೆಯಾಗಿದೆ ಎಂದು ನೋಡಿದರೆ ದಾರಿಯಲ್ಲಿ ಯಾವ ಅನಿಲವಿತ್ತು, ಎಷ್ಟಿತ್ತು ತಿಳಿಯುತ್ತದೆ. ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದ ಡೇವಿಡ್ ಮರ್ಕ್ರೇ ಮತ್ತು ಸಂಗಡಿಗರು ವಾಯುಮಂಡಲದ ಸ್ತರಗೋಲದಲ್ಲಿ ನೈಟ್ರಿಕ್ ಆಮ್ಲವಿದೆಯೆಂದು 1968ರಲ್ಲಿ ಪ್ರಕಟಿಸಿದ್ದು ಬಲೂನಿನ ಇಂಥ ಅಳತೆಯಿಂದಲೇ. ಓಜೋನ್ ಪದರದ ಲೆಕ್ಕಕ್ಕೆ ಈ ಆಮ್ಲ ಮುಖ್ಯ.

ಈಗ ನಮ್ಮ ಮಾತು. ಪೆಟ್ಟಿಗೆ ಸಿಕ್ಕರೆ ಬಿಚ್ಚಬೇಡಿ, ಪೊಲೀಸರಿಗೆ ಅಥವಾ ಪೆಟ್ಟಿಗೆಯ ಮೇಲಿನ ವಿಳಾಸಕ್ಕೆ ತಿಳಿಸಿ, ಒಳಗೆ ಹೆಚ್ಚಿನ ವೋಲ್ಟೇಜ್ ಇರಬಹುದು ಎಂದು ಬಲೂನ್ ಕೇಂದ್ರದವರು ಸೂಚನೆ ಕೊಡುತ್ತಾರೆ. ಅದು ಪತ್ರಿಕೆಯ ಮೂಲೆಯಲ್ಲಿ ಬಂದು ಹೋದರೆ ಸಾಲದು. ಪೆಟ್ಟಿಗೆಯನ್ನು ಮೊದಲು ಕಾಣುವವರು ದನ ಕಾಯುವ, ಹೊಲಕ್ಕೆ ಬುತ್ತಿ ಒಯ್ಯುವ ನಮ್ಮ ಮಕ್ಕಳು. ಗಡಿ ಊರುಗಳಲ್ಲಿ ಅವರಿಗೆ ಓದಿ ಅರ್ಥವಾಗುವುದು ಕನ್ನಡ. ಆದ್ದರಿಂದ ಹಾರಾಟದ ತಿಂಗಳುಗಳಲ್ಲಿ ಆ ಸೂಚನೆಯನ್ನು ಕನ್ನಡ ಶಾಲೆಗಳ ಪ್ರಾರ್ಥನೆಯ ವೇಳೆ ಓದಿಸಬೇಕು. ಇದಕ್ಕೆ ಬೇಕಾದ್ದು ಒಂದು ಹಾಳೆ ಕಾಗದ ಮಾತ್ರ.

ಇದು ಸಿಲಬಸ್ಸಿನಲ್ಲಿಲ್ಲ ಎನ್ನುವವರಿದ್ದಾರೆ. ಶಾಖದ ಪಾಠದಲ್ಲಿ ವಿಕಿರಣ ಇದೆಯಲ್ಲ! ಒಲೆಯ ಎದುರು ಕೂತಾಗ ಮುಖಕ್ಕೆ ತಟ್ಟುವ ಬಿಸಿಯಲ್ಲಿ ಅವಕೆಂಪೇ ಹೆಚ್ಚು. ಅಲ್ಲಿಂದ ಬಲೂನಿಗೆ ಹೋಗಲು ಹತ್ತು ನಿಮಿಷ ಸಾಕು. ಬಿಚ್ಚಿದ ಪೆಟ್ಟಿಗೆಯಲ್ಲಿ ವಿಜ್ಞಾನಿಗಳ ವರ್ಷಗಳ ಶ್ರಮ ಹಾಳಾಗಬಹುದು, ಮಗುವಿನ ಜೀವಕ್ಕೂ ಅಪಾಯ. ತಿಳಿದ ಮಗು ಎರಡನ್ನೂ ಉಳಿಸುತ್ತದೆ. ಶಿಕ್ಷಕ ಬಂಧುಗಳು ಯೋಚಿಸಬೇಕೆಂದು ನಮ್ಮ ವಿನಂತಿ.