ಎರಡು ಬಗೆಯ ಅದ್ಭುತ

ಕಥೆಯಲ್ಲಿ ಲೋಕಾನುಭವಕ್ಕೆ ಮೀರಿದ ಸಂಗತಿಯೊಂದು ನಡೆದರೆ ಸಾಕು, ಅಂಥ ಕೃತಿಗಳನ್ನೆಲ್ಲ ಒಂದೇ ಕಪಾಟಿನಲ್ಲಿ ಜೋಡಿಸುವುದು ಪುಸ್ತಕ ವ್ಯಾಪಾರಿಗಳ ರೂಢಿ. ವ್ಯಾಪಾರಕ್ಕೆ ಅದರಿಂದ ಅನುಕೂಲವಿರಬಹುದು. ಆದರೆ ವಿಮರ್ಶೆಯೂ ತರಗತಿಯ ಪಾಠವೂ ಅದೇ ರೂಢಿಯನ್ನು ಹಿಡಿದರೆ ವಿಜ್ಞಾನ ಕಥೆ, ಅದ್ಭುತ ಕಥೆಗಳೆಂಬ ಎರಡು ಪ್ರಕಾರಗಳಿಗೂ ಅನ್ಯಾಯವಾಗುತ್ತದೆ. ರಾಕೆಟ್ಟು ಬಂದರೆ ಮೊದಲನೆಯದು, ರಾಕ್ಷಸ ಬಂದರೆ ಎರಡನೆಯದು ಎಂಬ ಸುಲಭದ ವಿಂಗಡಣೆಯೂ ಹೆಚ್ಚು ದೂರ ಸಾಗದು. ಇವುಗಳ ಭೇದವನ್ನು ಕಥೆಗಾರನು ಓದುಗನೊಡನೆ ಮಾಡಿಕೊಳ್ಳುವ ಒಪ್ಪಂದದಲ್ಲಿ ಹುಡುಕಬೇಕು.

ಮನುಷ್ಯನು ಕಣ್ಣಿಗೆ ಕಾಣದಂತಾಗುವ ಹಳೆಯ ಕಲ್ಪನೆಯನ್ನೇ ತೆಗೆದುಕೊಳ್ಳೋಣ. ಪ್ಲೇಟೋವಿನ ‘ರಿಪಬ್ಲಿಕ್’ ಗ್ರಂಥದ ಎರಡನೆಯ ಭಾಗದಲ್ಲಿ ಲಿಡಿಯ ದೇಶದ ಕುರುಬನೊಬ್ಬನಿಗೆ ಉಂಗುರವೊಂದು ದೊರೆಯುತ್ತದೆ. ಅದರ ಹರಳನ್ನು ಒಳಮುಖವಾಗಿ ತಿರುಗಿಸಿದರೆ ಅವನು ಅದೃಶ್ಯನಾಗುತ್ತಾನೆ. ಆ ಬಲದಿಂದ ರಾಜನನ್ನು ಕೊಂದು ಸಿಂಹಾಸನವನ್ನೇರುತ್ತಾನೆ. ಉಂಗುರ ಹೇಗೆ ಕೆಲಸ ಮಾಡಿತೆಂದು ಅಲ್ಲಿ ಯಾರೂ ಕೇಳುವುದಿಲ್ಲ; ಕೇಳಿದರೆ ಅದು ಅರಸಿಕತನ. ಯಾರ ಕಣ್ಣಿಗೂ ಬೀಳೆನೆಂಬ ಧೈರ್ಯವಿದ್ದಾಗಲೂ ಮನುಷ್ಯನು ನ್ಯಾಯವಂತನಾಗಿ ಉಳಿದಾನೆಯೇ ಎಂಬುದೇ ಅಲ್ಲಿಯ ಪ್ರಶ್ನೆ. ನಮ್ಮ ಹಳೆಯ ಕಥೆಗಳ ಅದೃಶ್ಯಾಂಜನವೂ ಇದೇ ಕುಲಕ್ಕೆ ಸೇರಿದ್ದು.

1897ರಲ್ಲಿ ಎಚ್. ಜಿ. ವೆಲ್ಸ್ ‘ದಿ ಇನ್‌ವಿಸಿಬಲ್ ಮ್ಯಾನ್’ ಕಾದಂಬರಿಯನ್ನು ಪ್ರಕಟಿಸಿದಾಗ ಅದೇ ಕಲ್ಪನೆ ಬೇರೊಂದು ನಿಯಮಕ್ಕೆ ಒಳಗಾಯಿತು. ಅವನ ನಾಯಕ ಗ್ರಿಫಿನ್ ಮಂತ್ರವಾದಿಯಲ್ಲ. ದೇಹದ ವಕ್ರೀಭವನಾಂಕವನ್ನು ಗಾಳಿಯ ವಕ್ರೀಭವನಾಂಕಕ್ಕೆ ಸಮನಾಗಿಸಿದರೆ ಬೆಳಕು ಅದನ್ನು ತಡೆಯಿಲ್ಲದೆ ಹಾಯ್ದುಹೋಗುವುದೆಂದು ಅವನ ವಾದ. ವಾದವೊಂದನ್ನು ಮುಂದಿಟ್ಟ ಮೇಲೆ ಅದರ ಫಲವನ್ನೂ ಉಣ್ಣಬೇಕಷ್ಟೆ. ತಿಂದ ಆಹಾರ ಮೈಗೂಡುವವರೆಗೆ ಹೊಟ್ಟೆಯೊಳಗೆ ಕಾಣುತ್ತದೆ. ಬಟ್ಟೆ ತೊಟ್ಟರೆ ಗುಟ್ಟು ರಟ್ಟು, ತೊಡದಿದ್ದರೆ ಲಂಡನ್ನಿನ ಜನವರಿಯ ಚಳಿ. ಇಷ್ಟಕ್ಕೂ ಬಿಡದೆ ರಷ್ಯದ ವಿಜ್ಞಾನ ಲೇಖಕ ಯಾಕೊವ್ ಪೆರೆಲ್ಮನ್ ಮತ್ತೊಂದು ಆಕ್ಷೇಪವನ್ನೆತ್ತಿದನು: ಕಣ್ಣೂ ಪಾರದರ್ಶಕವಾದರೆ ಬೆಳಕು ಅದರಲ್ಲಿ ನಿಲ್ಲದು, ಬಿಂಬ ಮೂಡದು, ಆದ್ದರಿಂದ ಅದೃಶ್ಯನಾದವನು ಕುರುಡನೂ ಆಗಿರಬೇಕು. ವೆಲ್ಸನ ಕಥೆಗೆ ಈ ಆಕ್ಷೇಪ ಸಲ್ಲುತ್ತದೆ. ಲಿಡಿಯದ ಕುರುಬನಿಗೆ ಅದು ಸೋಂಕದು.

ವಿಜ್ಞಾನ ಕಥೆಯ ಮುಖ್ಯ ಲಕ್ಷಣ ಇಲ್ಲಿದೆ. ಅದು ತಪ್ಪಾಗಬಲ್ಲ ಕಥೆ. ನಿಸರ್ಗನಿಯಮಗಳ ಹೆಸರಿನಲ್ಲಿ ಮಾತು ಕೊಟ್ಟಿರುವುದರಿಂದ, ‘ಇದು ಹೇಗೆ?’ ಎಂದು ಕೇಳುವ ಹಕ್ಕನ್ನು ಅದು ಓದುಗನಿಗೆ ಒಪ್ಪಿಸಿರುತ್ತದೆ. ಕೊಟ್ಟ ಉತ್ತರ ಸರಿಯಾಗಿರಲೇಬೇಕೆಂಬ ಕಟ್ಟಳೆಯೇನೂ ಇಲ್ಲ. ಜೂಲ್ ವರ್ನ್ ತನ್ನ 1865ರ ಕಾದಂಬರಿಯಲ್ಲಿ 900 ಅಡಿ ಉದ್ದದ ಫಿರಂಗಿಯಿಂದ ಮೂವರನ್ನು ಚಂದ್ರನತ್ತ ಹಾರಿಸಿದನು. ವೆಲ್ಸನು 1901ರಲ್ಲಿ ಗುರುತ್ವವನ್ನೇ ತಡೆಯುವ ‘ಕೇವರೈಟ್’ ಎಂಬ ವಸ್ತುವನ್ನು ಕಲ್ಪಿಸಿ ಅದರ ಬಲದಿಂದ ಚಂದ್ರಯಾತ್ರೆ ಮಾಡಿಸಿದನು. ತಾನು ಭೌತಶಾಸ್ತ್ರವನ್ನು ಬಳಸಿದರೆ ಈತನು ಇಲ್ಲದ ವಸ್ತುವನ್ನು ಹುಟ್ಟಿಸುತ್ತಾನೆಂದು ವರ್ನನು 1903ರ ಸಂದರ್ಶನವೊಂದರಲ್ಲಿ ಆಕ್ಷೇಪಿಸಿದ್ದುಂಟು. ಆದರೆ ವರ್ನನ ಫಿರಂಗಿಯೂ ಲೆಕ್ಕಕ್ಕೆ ನಿಲ್ಲದು. ಸೆಕೆಂಡಿಗೆ ಸುಮಾರು 11 ಕಿಲೋಮೀಟರ್ ವೇಗವನ್ನು 900 ಅಡಿಗಳೊಳಗೆ ಗಳಿಸಬೇಕಾದರೆ ಒಳಗಿದ್ದವರ ಮೇಲೆ ಅವರ ತೂಕದ 20,000 ಪಟ್ಟಿಗೂ ಮಿಕ್ಕ ಬಲ ಬೀಳುತ್ತದೆ. ಫಿರಂಗಿಯ ಬಾಯಿ ದಾಟುವ ಮುನ್ನವೇ ಅವರ ಕಥೆ ಮುಗಿಯುತ್ತಿತ್ತು. ಹಾಗೆಂದು ವರ್ನನ ಕೃತಿ ಅದ್ಭುತ ಕಥೆಯಾಗಿಬಿಡುವುದಿಲ್ಲ. ಅದರ ಅಂಕಿಗಳನ್ನು ಕಾಗದದ ಮೇಲೆ ಬರೆದು ತಪ್ಪೆಂದು ತೋರಿಸಲು ಸಾಧ್ಯವಾಯಿತೆಂಬುದೇ ಅದರ ಜಾಯಮಾನಕ್ಕೆ ಸಾಕ್ಷಿ.

ವೆಲ್ಸನಾದರೋ ತನ್ನ ಸ್ಥಾನವನ್ನು ಬಲ್ಲವನಾಗಿದ್ದನು. ತನ್ನ ಈ ಬಗೆಯ ಕಥೆಗಳು ವರ್ನನ ದಾರಿಯವಲ್ಲವೆಂದೂ, ಅಸಂಭವವಾದ ಒಂದನ್ನು ಓದುಗನಿಂದ ಒಪ್ಪಿಸಿಕೊಂಡು ಉಳಿದುದನ್ನು ನಿತ್ಯಜೀವನದಂತೆ ನಡೆಸುವುದೇ ತನ್ನ ಕ್ರಮವೆಂದೂ 1933ರ ಸಂಕಲನದ ಮುನ್ನುಡಿಯಲ್ಲಿ ಹೇಳಿಕೊಂಡನು. ಇಂಥ ಲೇಖಕರಲ್ಲಿ ಗಡಿರೇಖೆ ಮಸುಕಾಗುತ್ತದೆ, ನಿಜ. ಮುಸ್ಸಂಜೆಯಿದೆಯೆಂದು ಹಗಲಿರುಳುಗಳ ಭೇದ ಅಳಿಯದು.

ಅದ್ಭುತ ಕಥೆಯು ಇದರಿಂದ ಕೀಳಾಯಿತೆಂದು ಭಾವಿಸಬೇಕಾಗಿಲ್ಲ. ಅದಕ್ಕೂ ಅದರದೇ ಕಟ್ಟುಪಾಡುಂಟು. ಕಥೆಗಾರನು ಸೃಷ್ಟಿಸಿದ ಲೋಕವು ತನ್ನ ಒಳನಿಯಮಕ್ಕೆ ನಿಷ್ಠವಾಗಿರುವವರೆಗೆ ಮಾತ್ರ ಓದುಗನ ನಂಬಿಕೆ ಅದರಲ್ಲಿ ನೆಲೆಸುತ್ತದೆಂದು ಜೆ. ಆರ್. ಆರ್. ಟೋಲ್ಕಿನ್ 1939ರ ತನ್ನ ಪ್ರಸಿದ್ಧ ಉಪನ್ಯಾಸದಿಂದ ಬೆಳೆದ ಪ್ರಬಂಧದಲ್ಲಿ ಪ್ರತಿಪಾದಿಸಿದ್ದಾನೆ. ಪೂಜ್ಯವಾದ ರಾಮಾಯಣವನ್ನು ಈ ಆಧುನಿಕ ಪ್ರಕಾರಗಳಲ್ಲಿ ಯಾವುದಕ್ಕೂ ಸೇರಿಸುವ ಅಗತ್ಯವಿಲ್ಲ. ಆದರೂ ಅಲ್ಲಿಯ ಪುಷ್ಪಕ ವಿಮಾನ ಲಿಡಿಯದ ಉಂಗುರದ ಬಗೆಯ ಅದ್ಭುತ. ಅದು ಒಡೆಯನ ಇಚ್ಛೆಯಂತೆ ಸಂಚರಿಸುತ್ತದೆ. ಕುಬೇರನಿಂದ ರಾವಣನು ಅದನ್ನು ಬಲಾತ್ಕಾರವಾಗಿ ಕಸಿದುಕೊಂಡನು. ರಾವಣನನ್ನು ಗೆದ್ದ ರಾಮನು ಅದರಲ್ಲಿ ಮರಳಿ ಬಂದು ಅದನ್ನು ಕುಬೇರನಿಗೇ ಕಳುಹಿಸಿಕೊಟ್ಟನು. ಗೆದ್ದವನು ಅದನ್ನು ಇಟ್ಟುಕೊಳ್ಳಲಿಲ್ಲ ಎಂಬಲ್ಲಿ ಕವಿಯ ದೃಷ್ಟಿ ನೆಟ್ಟಿದೆ. ಅದರ ಇಂಧನ ಯಾವುದೆಂಬ ಜಿಜ್ಞಾಸೆ ಅಲ್ಲಿ ಹುಟ್ಟುವುದೇ ಇಲ್ಲ.

ಎರಡು ಒಪ್ಪಂದಗಳನ್ನು ಕಲಸಿದರೆ ಆಗುವ ಹಾನಿಗೆ ನಿದರ್ಶನ ನಮ್ಮ ನಾಡಿನಲ್ಲಿಯೇ ಇದೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಹೇಳಿ ಬರೆಯಿಸಿದ ‘ವೈಮಾನಿಕ ಶಾಸ್ತ್ರ’ವು ಭರದ್ವಾಜ ಮಹರ್ಷಿಯ ಕೃತಿಯೆಂದು ಪ್ರಚಾರಕ್ಕೆ ಬಂದಿತು, 1973ರಲ್ಲಿ ಅದರ ಇಂಗ್ಲಿಷ್ ಅನುವಾದ ಮೈಸೂರಿನಲ್ಲಿ ಪ್ರಕಟವಾಯಿತು. ಮರುವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಅದನ್ನು ಪರೀಕ್ಷಿಸಿ, ಕೃತಿಯು 1904ಕ್ಕಿಂತ ಹಿಂದಿನದಾಗಿರಲಾರದೆಂದೂ ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ ತೀರ್ಮಾನಿಸಿದರು. ಶಾಸ್ತ್ರವೆಂದು ಹೇಳಿಕೊಂಡುದನ್ನು ಶಾಸ್ತ್ರದ ಒರೆಗಲ್ಲಿಗೆ ಹಚ್ಚಿದುದು ನ್ಯಾಯವೇ ಸರಿ. ಪುರಾಣದ ವಿಮಾನವನ್ನು ಯಂತ್ರದ ನಕ್ಷೆಯೆಂದು ಸಾಧಿಸಹೊರಟವರು ಅದನ್ನು ಗೌರವಿಸುತ್ತಿದ್ದೇವೆಂದೇ ನಂಬಿದ್ದರು. ಆದರೆ ಅದು ಎಂದೂ ಎದುರಿಸಬೇಕಾಗಿಲ್ಲದ ಪರೀಕ್ಷೆಗೆ ಅದನ್ನು ನೂಕಿ, ಅಲ್ಲಿ ಸೋಲುವಂತೆ ಮಾಡಿದರು.

ಈ ವಿವೇಕವನ್ನು ಬೆಳೆಸಬೇಕಾದವರು ಅಧ್ಯಾಪಕರು. ವಿಜ್ಞಾನ ಕಥೆಯನ್ನು ಓದಿದ ವಿದ್ಯಾರ್ಥಿ ಕಾಗದ ಪೆನ್ಸಿಲು ಹಿಡಿದು ಲೆಕ್ಕಕ್ಕೆ ಕುಳಿತರೆ ಅವನನ್ನು ಪ್ರೋತ್ಸಾಹಿಸಬೇಕು. ಅದ್ಭುತ ಕಥೆಯನ್ನು ಓದಿದವನಿಗೆ ಆ ವರವೋ ಉಂಗುರವೋ ಯಾರ ಕೈ ಸೇರಿತು, ಸೇರಿ ಅವನನ್ನು ಏನು ಮಾಡಿತು ಎಂದು ಕೇಳಬೇಕು. ಕೃತಿ ಯಾವ ಪ್ರಶ್ನೆಗೆ ಉತ್ತರ ಹೇಳಲು ಒಪ್ಪಿಕೊಂಡಿದೆಯೆಂದು ಮೊದಲು ತಿಳಿಯುವುದೇ ವಿಮರ್ಶೆಯ ಪ್ರಥಮ ಪಾಠ.